ಘಾಟಿಯ ತಿರುವಿನಲ್ಲಿ ಪಂಕ್ಚರ್: ನಿಂತಲ್ಲೇ ಚಕ್ರ ಬದಲಿಸಬೇಕೇ, ಮುಂದೆ ಸಾಗಬೇಕೇ?

ಹೇಮಾವತಿ ದಂಡೆ (ಸಕಲೇಶಪುರ)

ಎಲ್ಲರಿಗೂ ನಮಸ್ಕಾರ. ಕಳೆದ ಆಷಾಢದ ಒಂದು ರಾತ್ರಿ ಶಿರಾಡಿ ಘಾಟಿಯಲ್ಲಿ ನಮಗೆ ಎದುರಾದ ಸಂಗತಿಯನ್ನು ವಿವರವಾಗಿ ಬರೆಯುತ್ತಿದ್ದೇನೆ. ದೇವರ ದಯದಿಂದ ಎಲ್ಲರೂ ಕ್ಷೇಮವಾಗಿ ಊರು ಸೇರಿದೆವು. ಆದರೂ ಆ ರಾತ್ರಿ ನಾನು ಮಾಡಿದ್ದು ಸರಿಯೇ ಎಂಬ ಪ್ರಶ್ನೆ ಇನ್ನೂ ಮನಸ್ಸನ್ನು ಕೊರೆಯುತ್ತಿದೆ. ತಿಳಿದವರು ದಯವಿಟ್ಟು ಹೇಳಬೇಕು.

ಮಂಗಳೂರಿನಿಂದ ಹೊರಟು ಗುಂಡ್ಯ ದಾಟುವಾಗ ರಾತ್ರಿ ಎಂಟೂವರೆ ಆಗಿತ್ತು. ಜಡಿಮಳೆ. ಕಾರಿನಲ್ಲಿ ನನ್ನ ತಾಯಿ, ಹೆಂಡತಿ ಮತ್ತು ಹನ್ನೆರಡು ವರ್ಷದ ಮಗಳು ಇದ್ದರು. ಘಾಟಿ ಹತ್ತುತ್ತಿದ್ದಂತೆ ಹಿಂದಿನಿಂದ ಪಟಪಟ ಸದ್ದು ಕೇಳಿಸಿ, ಗಾಡಿಯ ಹಿಂಭಾಗ ಅತ್ತಿತ್ತ ತೂಗಿದಂತಾಯಿತು. ಗಾಬರಿಯಲ್ಲಿ ಇದ್ದಲ್ಲೇ ಎಡಕ್ಕೆ ಸರಿಸಿ ನಿಲ್ಲಿಸಿದೆ. ಇಳಿದು ನೋಡಿದರೆ ಬಲಗಡೆಯ ಹಿಂದಿನ ಚಕ್ರ ಪೂರ್ತಿ ಕೂತಿತ್ತು. ಎಡಬದಿಯಲ್ಲಿ ಚರಂಡಿ ಇದ್ದುದರಿಂದ ಕಾರಿನ ಅರ್ಧ ಮೈ ರಸ್ತೆಯ ಮೇಲೆಯೇ ಉಳಿದಿತ್ತು, ನಾವು ನಿಂತಿದ್ದಾದರೋ ಒಂದು ತಿರುವು ಮುಗಿದ ಕೂಡಲೇ ಸಿಗುವ ಜಾಗದಲ್ಲಿ. ಮೊಬೈಲಿನಲ್ಲಿ ಸಿಗ್ನಲ್ ಇರಲಿಲ್ಲ.

ನಾಲ್ಕೂ ಇಂಡಿಕೇಟರ್ ಹಾಕಿ, ಮಳೆಯೆಂದು ಮನೆಯವರನ್ನು ಕಾರಿನೊಳಗೇ ಕೂರಿಸಿ, ಸ್ಟೆಪ್ನಿ ತೆಗೆದು ನಟ್ಟು ಬಿಚ್ಚಲು ಕುಳಿತೆ. ಒಂದು ನಟ್ಟೂ ಅಲುಗಲಿಲ್ಲ. ಎರಡು ತಿಂಗಳ ಹಿಂದೆ ಟೈರ್ ಅಂಗಡಿಯೊಂದರಲ್ಲಿ ಗಾಳಿಯ ಗನ್ನಿನಿಂದ ಬಿಗಿದಿದ್ದರು. ಸ್ಪ್ಯಾನರಿನ ಮೇಲೆ ಕಾಲಿಟ್ಟು ತುಳಿದರೆ ಅದು ನಟ್ಟಿನಿಂದ ಜಾರಿ ನನ್ನ ಮೊಣಕಾಲಿಗೆ ಬಡಿಯಿತು. ನನ್ನ ಬೆನ್ನ ಹಿಂದೆಯೇ ಲಾರಿಗಳು ನೀರು ಚಿಮ್ಮಿಸಿಕೊಂಡು ಹೋಗುತ್ತಿದ್ದವು. ಪ್ರತಿ ಸಲವೂ ಕಾರು ಅಲುಗುತ್ತಿತ್ತು.

ಸುಮಾರು ಇಪ್ಪತ್ತು ನಿಮಿಷದ ಮೇಲೆ ಲಾರಿಯೊಂದು ನಮ್ಮ ಹಿಂದೆ ಐವತ್ತು ಹೆಜ್ಜೆ ದೂರದಲ್ಲಿ ದೀಪ ಹಾಕಿಕೊಂಡು ನಿಂತಿತು. ಕ್ಲೀನರ್ ಹುಡುಗ ಯಾರೂ ಹೇಳದೆಯೇ ಕತ್ತಿಯಿಂದ ಸೊಪ್ಪಿನ ಕೊಂಬೆಗಳನ್ನು ಕಡಿದು, ತಿರುವಿನ ಆಚೆ ಬದಿಗೆ ಹೋಗಿ ರಸ್ತೆಯ ಮೇಲೆ ಹಾಕಿ, ಅವು ಕೊಚ್ಚಿಹೋಗದಂತೆ ಮೇಲೆ ಕಲ್ಲಿಟ್ಟು ಬಂದ. ಡ್ರೈವರ್ ಎರಡಡಿ ಉದ್ದದ ಕಬ್ಬಿಣದ ಪೈಪ್ ತಂದು ನನ್ನ ಸ್ಪ್ಯಾನರಿಗೆ ತೊಡಿಸಿ ಒತ್ತಿದರು. ನಾಲ್ಕು ನಟ್ಟುಗಳೂ ಕಿರ್ ಎಂದು ಬಿಟ್ಟವು. ಚಕ್ರ ಬದಲಾದ ಮೇಲೆ ಹುಡುಗ ಮತ್ತೆ ಹಿಂದೆ ನಡೆದು ಸೊಪ್ಪನ್ನೂ ಕಲ್ಲುಗಳನ್ನೂ ಒಂದೊಂದಾಗಿ ಚರಂಡಿಯ ಆಚೆಗೆ ಎಸೆದು ಬಂದ. ದುಡ್ಡು ಕೊಡಲು ಹೋದರೆ ಇಬ್ಬರೂ ಮುಟ್ಟಲಿಲ್ಲ.

ನನ್ನ ಪ್ರಶ್ನೆ ಇಷ್ಟು. ಅಲ್ಲಿಂದ ಮುನ್ನೂರು ಮೀಟರ್ ಮುಂದೆ, ಮುಚ್ಚಿದ ಚಹಾ ಅಂಗಡಿಯೊಂದರ ಎದುರು ಅಗಲವಾದ ಜಾಗವಿದ್ದುದನ್ನು ಆಮೇಲೆ ಕಂಡೆ. ಟೈರು ಹಾಳಾದರೂ ಸರಿಯೆಂದು ಅಲ್ಲಿಯವರೆಗೆ ಉರುಳಿಸಿಕೊಂಡು ಹೋಗಬೇಕಿತ್ತೇ?

ಡಿಪೋ ನೆನಪು (ಹಾಸನ)

ಹೋಗಬೇಕಿತ್ತು ಸರ್, ಅದರಲ್ಲಿ ಎರಡನೆಯ ಮಾತೇ ಇಲ್ಲ. ನಾನು ಬಸ್ ಡಿಪೋದ ತಾಂತ್ರಿಕ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದವನು. ದಾರಿಯಲ್ಲಿ ಕೆಟ್ಟು ನಿಂತ ಗಾಡಿಗಳಿಗಾಗಿ ಹೊತ್ತಲ್ಲದ ಹೊತ್ತಿನಲ್ಲಿ ಹೊರಟದ್ದಕ್ಕೆ ಲೆಕ್ಕವಿಲ್ಲ. ಹೊಸಬರಿಗೆ ನಾವು ಮೊದಲು ಕಲಿಸುತ್ತಿದ್ದುದು ನಟ್ಟು ಬಿಚ್ಚುವುದನ್ನಲ್ಲ, ಎಲ್ಲಿ ನಿಲ್ಲಿಸಬೇಕು ಎಂಬುದನ್ನು. ಟೈರಿಗೆ ಕೆಲವು ಸಾವಿರ ರೂಪಾಯಿ ಬೆಲೆ. ಡಿಸ್ಕ್, ಅಂದರೆ ಚಕ್ರದ ರಿಮ್ಮು, ಬಾಗಿದರೆ ಇನ್ನೊಂದಿಷ್ಟು. ನಿಮ್ಮ ತಾಯಿ, ಹೆಂಡತಿ, ಮಗಳು ಕುಳಿತಿದ್ದ ಕಾರಿನ ಹಿಂಭಾಗವನ್ನು ತಿರುವಿನಲ್ಲಿ ಬರುವ ಲಾರಿಗೆ ಒಡ್ಡಿ ಇಪ್ಪತ್ತು ನಿಮಿಷ ನಿಂತಿರಿ. ಬರೆಯುವಾಗಲೂ ನನಗೆ ಕೈ ನಡುಗುತ್ತದೆ.

ಬಲಗಡೆಯ ಚಕ್ರ ಎಂಬುದನ್ನು ಎಲ್ಲರೂ ಗಮನಿಸಬೇಕು. ನಮ್ಮಲ್ಲಿ ಗಾಡಿಗಳು ಎಡಕ್ಕೆ ನಿಲ್ಲುವುದರಿಂದ ಎಡಚಕ್ರ ಪಂಕ್ಚರಾದರೆ ಕೆಲಸ ಮಾಡುವವನಿಗೆ ಕಾರೇ ಅಡ್ಡಗೋಡೆ. ಬಲಚಕ್ರವಾದರೆ ಅವನ ಬೆನ್ನು ಸಂಚಾರಕ್ಕೆ ಸಿಕ್ಕಿರುತ್ತದೆ. ಆದ್ದರಿಂದ ಬಲಚಕ್ರವಾದಾಗ ಇನ್ನೂ ಒಂದು ಗೇಣು ಎಡಕ್ಕೆ ಜಾಗ ಸಿಗುವವರೆಗೆ ಸಾಗುವುದೇ ಸರಿ. ನಡೆಯುವ ವೇಗ, ಒಂದನೇ ಗೇರು, ಸ್ಟಿಯರಿಂಗನ್ನು ಗಟ್ಟಿಯಾಗಿ ಹಿಡಿದು ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಹೋಗಿ.

ಎರಡನೆಯದು, ಮಳೆಯಿದ್ದರೂ ಜನರನ್ನು ಕೆಳಗಿಳಿಸಲೇಬೇಕು. ಕಾರಿನ ಮುಂದೆಯೂ ಬೇಡ, ಹಿಂದೆಯೂ ಬೇಡ. ತಡೆಗೋಡೆಯಿದ್ದರೆ ಅದರ ಆಚೆ ಗಟ್ಟಿ ನೆಲವಿದೆಯೇ ಎಂದು ಟಾರ್ಚ್ ಹಾಕಿ ನೋಡಿಕೊಂಡು ಅಲ್ಲಿ, ಇಲ್ಲದಿದ್ದರೆ ರಸ್ತೆಯಿಂದ ದೂರಕ್ಕೆ, ಗಾಡಿಗಳು ಬರುವ ದಿಕ್ಕಿಗೆ ಒಂದಿಷ್ಟು ಹಿಂದೆ ಸರಿದು ಛತ್ರಿ ಹಿಡಿದು ನಿಲ್ಲಲಿ. ನಿಂತ ಕಾರಿಗೆ ಯಾವುದಾದರೂ ಗುದ್ದಿದರೆ ಅದು ಮುಂದಕ್ಕೆ ನುಗ್ಗುತ್ತದೆ, ಹಿಂದಕ್ಕೆ ಬರುವುದಿಲ್ಲ.

ಉಳಿದ ಕ್ರಮ ಬಹಳ ಮಂದಿಗೆ ಗೊತ್ತಿದೆ. ಆದರೂ ತಪ್ಪುವ ಜಾಗಗಳನ್ನು ಹೇಳುತ್ತೇನೆ. ಹ್ಯಾಂಡ್‌ಬ್ರೇಕ್ ಎಳೆದು ಗೇರಿನಲ್ಲಿ ಬಿಡಿ, ಏರಿನಲ್ಲಿ ಒಂದನೇ ಗೇರು, ಇಳಿಜಾರಿನಲ್ಲಿ ರಿವರ್ಸ್. ಬಿಚ್ಚುವ ಚಕ್ರಕ್ಕೆ ಮೂಲೆಯೆದುರು ಇರುವ ಚಕ್ರಕ್ಕೆ, ಇಳಿಜಾರಿನ ಕಡೆಯಿಂದ, ಕಲ್ಲು ಕೊಡಿ. ಜಾಕ್ ಏರಿಸುವ ಮೊದಲೇ, ಚಕ್ರ ನೆಲಕ್ಕೆ ಕೂತಿರುವಾಗಲೇ, ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ. ಎತ್ತಿದ ಮೇಲೆ ಬಲ ಹಾಕಿದರೆ ಗಾಡಿ ಜಾಕಿನಿಂದ ಜಾರುತ್ತದೆ. ಮಳೆಗಾಲದ ಮಣ್ಣಿನಲ್ಲಿ ಜಾಕಿನ ಕಾಲು ಹೂತುಹೋಗುವುದರಿಂದ ಒಂದಡಿ ಚೌಕದ ಹಲಗೆ ಡಿಕ್ಕಿಯಲ್ಲಿರಲಿ. ಸ್ಟೆಪ್ನಿಯನ್ನು ಬದಿಗೆ ಒರಗಿಸಿಡದೆ ಕಾರಿನ ಅಡಿಗೆ, ಬಾಗಿಲ ಕೆಳಗಿನ ಪಟ್ಟಿಯ ಕೆಳಗೆ ತಳ್ಳಿಡಿ. ಜಾಕ್ ಜಾರಿದರೂ ಗಾಡಿ ಟೈರಿನ ಮೇಲೆ ಕೂರುತ್ತದೆ, ನಿಮ್ಮ ಕೈಯ ಮೇಲೆ ಅಲ್ಲ. ಬಿಗಿಯುವಾಗ ಒಂದರ ಪಕ್ಕದ್ದನ್ನಲ್ಲ, ಎದುರಿನದನ್ನು. ಐವತ್ತು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಸ್ಪ್ಯಾನರ್ ಹಾಕಿ ನೋಡಿ.

ಚಾರ್ಮಾಡಿ ಮಂಜು (ಕೊಟ್ಟಿಗೆಹಾರ)

ಹಿರಿಯರ ಮಾತಿಗೆ ಗೌರವವಿಟ್ಟೇ ಒಂದು ಭಿನ್ನಾಭಿಪ್ರಾಯ ಹೇಳುತ್ತೇನೆ. ಹೇಮಾವತಿ ದಂಡೆಯವರು ಘಾಟಿ ಹತ್ತುತ್ತಿದ್ದರು, ಕೂತಿದ್ದು ಹಿಂದಿನ ಚಕ್ರ. ಅಲ್ಲಿ ತೆವಳಿಕೊಂಡು ಮುಂದೆ ಹೋಗಬಹುದು. ಆದರೆ ಚಾರ್ಮಾಡಿಯಲ್ಲಿ ಇಳಿಯುವಾಗ ಮುಂದಿನ ಚಕ್ರ ಕೂತರೆ ಅದೇ ಬುದ್ಧಿವಾದ ಅಪಾಯಕ್ಕೆ ತಳ್ಳಬಹುದು. ಗಾಳಿಯಿಲ್ಲದ ಟೈರು ರಿಮ್ಮಿನ ಅಂಚಿನಿಂದ ಕಳಚಿಕೊಂಡರೆ ಸ್ಟಿಯರಿಂಗ್ ಮಾತು ಕೇಳುವುದಿಲ್ಲ. ಒಂದು ಬದಿ ಬಂಡೆ, ಇನ್ನೊಂದು ಬದಿ ಮೊಣಕಾಲೆತ್ತರದ ಕಟ್ಟೆ, ಅದರಾಚೆ ಪ್ರಪಾತ. ಎರಡು ವರ್ಷದ ಹಿಂದೆ ನನಗೆ ಹೀಗೇ ಆದಾಗ ಬ್ರೇಕನ್ನು ತುಳಿಯದೆ, ಎರಡನೇ ಗೇರಿಗೆ ಇಳಿಸಿ, ಗಾಡಿ ತಾನಾಗಿ ನಿಧಾನವಾಗುವವರೆಗೆ ಸ್ಟಿಯರಿಂಗನ್ನು ನೇರ ಹಿಡಿದುಕೊಂಡು ಬಂಡೆಯ ಬದಿಗೇ ತಾಗಿಸುವಂತೆ ನಿಲ್ಲಿಸಿದೆ. ಅಲ್ಲಿಂದ ಒಂದಡಿಯೂ ಮುಂದೆ ಹೋಗಲಿಲ್ಲ. ಹೋಗದಿದ್ದುದೇ ಸರಿಯೆಂದು ಇಂದಿಗೂ ನಂಬಿದ್ದೇನೆ.

ಇನ್ನೊಂದು ವಿಷಯ. ಸಿಗ್ನಲ್ ಇಲ್ಲದ ಕಡೆ ಬೇರೆ ಗಾಡಿಯವರ ಕೈಯಲ್ಲಿ ಹೇಳಿಕಳಿಸುವಾಗ “ಘಾಟಿಯಲ್ಲಿ ನಿಂತಿದ್ದೇವೆ” ಎಂದರೆ ಮೆಕ್ಯಾನಿಕ್ ಎಲ್ಲಿ ಹುಡುಕಬೇಕು? ಹತ್ತಿರದ ಕಿಲೋಮೀಟರ್ ಕಲ್ಲನ್ನು ನೋಡಿಕೊಳ್ಳಿ. ತಲೆಗೆ ಹಳದಿ ಬಳಿದಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಬಳಿದಿದ್ದರೆ ರಾಜ್ಯ ಹೆದ್ದಾರಿ. ಹೆದ್ದಾರಿಯಲ್ಲಿ ಎರಡು ಕಲ್ಲುಗಳ ನಡುವೆ 200 ಮೀಟರಿಗೊಂದರಂತೆ ಸಣ್ಣ ಕಲ್ಲುಗಳೂ ಇರುತ್ತವೆ. ಊರು, ಕಲ್ಲಿನ ಸಂಖ್ಯೆ, ಹತ್ತುವ ಬದಿಯೋ ಇಳಿಯುವ ಬದಿಯೋ, ಈ ಮೂರನ್ನು ಚೀಟಿಯಲ್ಲಿ ಬರೆದು ಕೊಟ್ಟರೆ ಬರುವವರು ನೇರವಾಗಿ ಬರುತ್ತಾರೆ.

ಡಿಪೋ ನೆನಪು (ಹಾಸನ)

ಮಂಜು ಅವರೇ, ನಿಮ್ಮ ಮಾತನ್ನು ಒಪ್ಪಿದೆ. ಬಸ್ಸಿನಲ್ಲಿ ಹಿಂದೆ ಜೋಡಿ ಚಕ್ರಗಳಿರುವುದರಿಂದ ಒಂದು ಹೋದರೂ ಇನ್ನೊಂದರ ಮೇಲೆ ತೆವಳಬಹುದು. ಆ ಅಭ್ಯಾಸದಲ್ಲಿ ನಾನು ಎಲ್ಲಕ್ಕೂ ಸೇರಿಸಿ ಬರೆದುಬಿಟ್ಟೆ. ಇಳಿಜಾರಿನಲ್ಲಿ ಮುಂದಿನ ಚಕ್ರ ಹೋದರೆ ಮೊದಲು ಗಾಡಿಯನ್ನು ಹಿಡಿತಕ್ಕೆ ತಂದು ನಿಲ್ಲಿಸುವುದೇ ಕೆಲಸ. ಆದರೆ ನಿಂತ ಮೇಲೆ ಹಿಂದಿನವರಿಗೆ ಕಾಣುವಂತೆ ಮಾಡುವ ಹೊಣೆ ಅಲ್ಲಿ ಇಮ್ಮಡಿಯಾಗುತ್ತದೆ. ಎಚ್ಚರಿಕೆಯ ಕೆಂಪು ತ್ರಿಕೋನವನ್ನು ಕಾರಿನ ಹಿಂದೆ ಇಟ್ಟರೆ ಸಾಲದು, ತಿರುವಿಗೂ ಹಿಂದೆ ಇಡಬೇಕು. ಆ ಕ್ಲೀನರ್ ಹುಡುಗ ಯಾರ ಬಳಿಯೂ ಪಾಠ ಕೇಳದೆ ಮಾಡಿದ್ದು ಅದನ್ನೇ.

ಬೆಲ್ಲದ ಆಲೆಮನೆ (ಮಂಡ್ಯ)

ಘಾಟಿಯ ಮಾತಿನ ನಡುವೆ ಬಯಲಿನ ದಾರಿಯ ಅನುಭವವನ್ನೂ ಸೇರಿಸುತ್ತೇನೆ, ಏಕೆಂದರೆ ಈಗ ನಮ್ಮ ಕಡೆ ಹೆಚ್ಚಿನವರು ಓಡಾಡುವುದು ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ. ಹಳೆಯ ರಸ್ತೆಯಲ್ಲಿ ರಾಮನಗರ, ಚನ್ನಪಟ್ಟಣ, ಮದ್ದೂರು ಎಲ್ಲವೂ ದಾರಿಯಲ್ಲೇ ಸಿಗುತ್ತಿದ್ದವು. ಟೈರು ಕೂತರೆ ಅರ್ಧ ಕಿಲೋಮೀಟರ್ ತಳ್ಳಿದರೂ ಟೈರೊಂದನ್ನು ನೇತುಹಾಕಿದ ಪಂಕ್ಚರ್ ಅಂಗಡಿ ಕಾಣುತ್ತಿತ್ತು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿಯ ಮುಖ್ಯ ಪಥದಲ್ಲಿ ಅದು ಯಾವುದೂ ಇಲ್ಲ. ಎರಡೂ ಬದಿ ಬೇಲಿ, ಅದರಾಚೆ ಸರ್ವಿಸ್ ರಸ್ತೆ, ಪೇಟೆಗಳೆಲ್ಲ ಬೈಪಾಸ್. ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೂ ಅಲ್ಲಿ ಪ್ರವೇಶವಿಲ್ಲ. ಆದ್ದರಿಂದ ಪಕ್ಕದ ಹಳ್ಳಿಯ ಮೆಕ್ಯಾನಿಕ್ ಬೈಕಿನಲ್ಲಿ ಬಂದು ಮಾಡಿಕೊಡುವ ಮಾತೂ ಇಲ್ಲ.

ಇನ್ನು ವೇಗದ ಲೆಕ್ಕ. ಗಂಟೆಗೆ 100 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ದಾಟುತ್ತದೆ. ನೀವು ತ್ರಿಕೋನವನ್ನು 50 ಮೀಟರ್ ಹಿಂದೆ ಇಟ್ಟರೆ, ಅದರ ಬಳಿ ತಲುಪಿದವನಿಗೆ ನಿಮ್ಮ ಕಾರು ಎರಡು ಸೆಕೆಂಡಿಗಿಂತ ಹತ್ತಿರದಲ್ಲಿರುತ್ತದೆ. ಇಂತಹ ರಸ್ತೆಯಲ್ಲಿ 100 ಮೀಟರಾದರೂ ಹಿಂದೆ ಇರಬೇಕು. ಅಷ್ಟು ದೂರ ನಡೆಯುವಾಗ ತ್ರಿಕೋನವನ್ನು ಬಿಡಿಸಿ, ಕೆಂಪು ಮುಖ ಹಿಂದಿನವರಿಗೆ ಕಾಣುವಂತೆ ಎದೆಯ ಮುಂದೆ ಹಿಡಿದು, ಪಥದ ಮೇಲಲ್ಲ, ಅಂಚಿನ ತಡೆಕಂಬಿಯ ಆಚೆ ನಡೆಯಿರಿ. ಕಂಬಿಯ ಆಚೆ ನಡೆಯಲು ಜಾಗವಿಲ್ಲವೆಂದಾದರೆ ಆ ಸಾಹಸವೇ ಬೇಡ. ಜನರನ್ನೆಲ್ಲ ಇಳಿಸಿ ದೂರ ನಿಲ್ಲಿಸಿ 1033ಕ್ಕೆ ಕರೆ ಮಾಡಿ. ಅದು ರಾಷ್ಟ್ರೀಯ ಹೆದ್ದಾರಿಗಳ ಸಹಾಯವಾಣಿ. ಗಾಯವಾಗಿದ್ದರೆ 112 ಅಥವಾ 108. ಬಲಚಕ್ರವನ್ನು ಅಲ್ಲಿ ತಾವೇ ಬದಲಿಸಲು ಕೂರಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಹೋದ ವರ್ಷ ನನ್ನ ತಮ್ಮ ಹಾಗೆ ಕುಳಿತಿದ್ದಾಗ, ಪಕ್ಕದಲ್ಲಿ ಹಾದ ಬಸ್ಸಿನ ಗಾಳಿಗೆ ಅವನ ಕೈಯಲ್ಲಿದ್ದ ನಟ್ಟುಗಳೇ ಚೆಲ್ಲಿಹೋದವು.

ಘಟಪ್ರಭೆ (ಗೋಕಾಕ)

ನಮ್ಮ ಭಾಗದ ಕಥೆ ಬೇರೆ. ಕಬ್ಬು ಕಟಾವು ಶುರುವಾಯಿತೆಂದರೆ ರಾತ್ರಿಯಿಡೀ ಕಾರ್ಖಾನೆಯ ದಾರಿಯಲ್ಲಿ ಟ್ರ್ಯಾಕ್ಟರುಗಳ ಸಾಲು. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್, ಎರಡರಲ್ಲೂ ತಲೆಮೀರಿ ಕಬ್ಬು. ಹಿಂದಿನ ಟ್ರೇಲರಿನ ಟೈರು ಒಡೆದರೆ ಕಾರಿನ ಜಾಕು ಅದಕ್ಕೆ ಯಾವ ಮೂಲೆಗೆ? ಮರದ ದಿಮ್ಮಿಗಳನ್ನು ಅಚ್ಚಿನ ಕೆಳಗೆ ಒಟ್ಟಿ, ದೊಡ್ಡ ಜಾಕಿನಿಂದ ಎತ್ತಿ, ಚಕ್ರ ಕಳಚಿ, ಅದನ್ನು ರಿಪೇರಿಗೆ ಒಯ್ಯಲು ಟ್ರ್ಯಾಕ್ಟರನ್ನೇ ಬಿಚ್ಚಿಕೊಂಡು ಊರಿಗೆ ಹೋಗುತ್ತಾರೆ. ಟ್ರ್ಯಾಕ್ಟರ್ ಹೋದೊಡನೆ ಟ್ರೇಲರಿನ ದೀಪಕ್ಕೆ ಇದ್ದ ಕರೆಂಟೂ ಹೋಯಿತು. ಹಲವಕ್ಕೆ ಮೊದಲೇ ದೀಪವಿರುವುದಿಲ್ಲ. ಕತ್ತಲ ರಸ್ತೆಯಲ್ಲಿ ಮಣ್ಣಿನ ಬಣ್ಣದ ಕಬ್ಬಿನ ಗುಡ್ಡೆಯೊಂದು ಮೂರು ನಾಲ್ಕು ತಾಸು ಹಾಗೇ ನಿಂತಿರುತ್ತದೆ. ಎದುರಿನ ಗಾಡಿಯ ದೀಪ ಕಣ್ಣಿಗೆ ಬಿದ್ದ ಬೈಕಿನವನಿಗೆ ಅದು ಹತ್ತು ಮಾರು ಹತ್ತಿರ ಬರುವವರೆಗೂ ಕಾಣುವುದಿಲ್ಲ. ನನ್ನ ಸೋದರಮಾವನ ಮಗನನ್ನು ನಾವು ಕಳೆದುಕೊಂಡದ್ದು ಹೀಗೆಯೇ. ಟ್ರ್ಯಾಕ್ಟರಿನವನನ್ನು ದೂರಿ ಈಗ ಪ್ರಯೋಜನವಿಲ್ಲ. ಅವನೂ ಮೂರು ದಿನ ನಿದ್ದೆಗೆಟ್ಟು ದುಡಿಯುತ್ತಿದ್ದವನು.

ವಾಹನವನ್ನು ಬೇರೆಯವರಿಗೆ ಅಪಾಯವಾಗುವಂತೆ ಸಾರ್ವಜನಿಕ ಜಾಗದಲ್ಲಿ ಬಿಡಬಾರದು ಎಂದು 1988ರ ಮೋಟಾರು ವಾಹನ ಕಾಯ್ದೆಯ 122ನೇ ಕಲಮಿನಲ್ಲಿದೆ. ಕಾಯ್ದೆ ತನ್ನ ಕಡೆ ಇರಲಿ. ನಮ್ಮ ಊರಿನಲ್ಲಿ ನಾವು ಮಾಡಿಕೊಂಡದ್ದನ್ನು ಹೇಳುತ್ತೇನೆ. ಟ್ರೇಲರ್ ಇರುವ ಪ್ರತಿ ಮನೆಯವರೂ ಹಿಂಬಾಗಿಲಿಗೆ ಎರಡು ಸಾಲು ಕೆಂಪು ಹೊಳೆಯುವ ಪಟ್ಟಿ ಅಂಟಿಸಿದ್ದಾರೆ. ಹಿಂದೆ ಜೋತುಬಿದ್ದ ಕಬ್ಬು ಅದನ್ನು ಮುಚ್ಚದಂತೆ ಕಟ್ಟುತ್ತಾರೆ. ಸೈಕಲ್ಲಿಗೆ ಹಾಕುವ ಮಿಣುಕು ದೀಪವೊಂದು ಪ್ರತಿ ಡ್ರೈವರನ ಬಳಿ ಇರುತ್ತದೆ. ಚಕ್ರ ಒಯ್ಯುವವನು ಹೋದರೂ ಜೊತೆಗಾರನೊಬ್ಬ ಟಾರ್ಚ್ ಹಿಡಿದು ರಸ್ತೆಯಿಂದಾಚೆ ನಿಂತೇ ಇರಬೇಕು, ಇದು ಕಡ್ಡಾಯ.

ಸಂಜೆ ಪಾಳಿ (ಶಿವಮೊಗ್ಗ)

ನಾನು ಆಸ್ಪತ್ರೆಯಲ್ಲಿ ಶುಶ್ರೂಷಕಿ. ರಾತ್ರಿ ಹತ್ತರ ಮೇಲೆ ಸ್ಕೂಟರಿನಲ್ಲಿ ಮನೆಗೆ ಹೋಗುವವಳು. ಸ್ಕೂಟರಿಗೆ ಸ್ಟೆಪ್ನಿಯ ಮಾತೇ ಇಲ್ಲವಲ್ಲ. ನಮ್ಮಂಥವರಿಗೆ ಉಪಯೋಗವಾಗುವ ಎರಡು ವಿಷಯ ಬರೆಯುತ್ತೇನೆ.

ಚಕ್ರ ಸಣ್ಣದಾದ್ದರಿಂದ ಗಾಳಿ ಇಳಿದ ಕೂಡಲೇ ಸ್ಕೂಟರ್ ವಾಲಾಡುತ್ತದೆ. ಮುಂದಿನದು ಹೋದರೆ ಹ್ಯಾಂಡಲ್ ಭಾರವಾಗುತ್ತದೆ, ಹಿಂದಿನದು ಹೋದರೆ ಸೀಟು ಅತ್ತಿತ್ತ ಸರಿದಂತಾಗುತ್ತದೆ. ಯಾವುದು ಹೋಗಿದೆಯೋ ಅದರ ಬ್ರೇಕನ್ನು ಬಿಟ್ಟು ಇನ್ನೊಂದನ್ನು ಮೆತ್ತಗೆ ಹಿಡಿಯಬೇಕು ಎಂದು ಒಬ್ಬ ಮೆಕ್ಯಾನಿಕ್ ಅಣ್ಣ ಹೇಳಿಕೊಟ್ಟಿದ್ದರು. ಕಳೆದ ಚಳಿಗಾಲದಲ್ಲಿ ಹೊಳೆಯ ಸೇತುವೆಯ ಮೇಲೆ ಮುಂದಿನ ಚಕ್ರ ಕೂತಾಗ ಅದೇ ಮಾತು ನನ್ನನ್ನು ಉಳಿಸಿತು.

ಟ್ಯೂಬ್ ಇರುವ ಹಳೆಯ ಗಾಡಿಯಾದರೆ ಹತ್ತಿಕೊಂಡು ಓಡಿಸಲೇಬೇಡಿ. ರಿಮ್ಮಿನೊಳಗೆ ಟೈರು ಜರುಗಿ ಟ್ಯೂಬಿನ ವಾಲ್ವ್ ಬುಡದಲ್ಲೇ ಕಿತ್ತುಬರುತ್ತದೆ. ಆಮೇಲೆ ಪ್ಯಾಚು ಹಾಕಲೂ ಆಗುವುದಿಲ್ಲ, ಹೊಸ ಟ್ಯೂಬೇ ಗತಿ. ರಾತ್ರಿಯಾದರೆ ನಾನು ಗಾಡಿಯನ್ನು ಬೆಳಕಿರುವ ಅಂಗಡಿ, ಪೆಟ್ರೋಲ್ ಬಂಕ್ ಅಥವಾ ಮೆಡಿಕಲ್ ಸ್ಟೋರಿನ ಮುಂದೆ ಬೀಗ ಹಾಕಿ ನಿಲ್ಲಿಸಿ, ಮನೆಗೆ ಲೊಕೇಶನ್ ಕಳಿಸಿ, ಅಲ್ಲಿಂದ ಆಟೋ ಹಿಡಿಯುತ್ತೇನೆ. ಗಾಡಿ ಬೆಳಿಗ್ಗೆಯವರೆಗೆ ಅಲ್ಲೇ ಇರಲಿ, ಚಿಂತೆಯಿಲ್ಲ. ಸಹಾಯ ಮಾಡುವವರು ಬಹಳ ಮಂದಿ ಇದ್ದಾರೆ. ಆದರೂ ಒಬ್ಬಳೇ ಕತ್ತಲಲ್ಲಿ ಕಾಯುವ ಅಗತ್ಯ ಯಾವ ಹೆಣ್ಣುಮಗಳಿಗೂ ಬರಬಾರದು.

ಗಾಳಿ ಅಂಗಡಿ (ತಿಪಟೂರು)

ಹೆದ್ದಾರಿ ಬದಿಯಲ್ಲಿ ಹದಿನೆಂಟು ವರ್ಷಗಳಿಂದ ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದೇನೆ. ಮೊದಲು ಹೇಮಾವತಿ ದಂಡೆಯವರ ನಟ್ಟಿನ ವಿಚಾರ. ತಪ್ಪು ನಮ್ಮ ಕಸುಬಿನವರದೇ, ಒಪ್ಪಿಕೊಳ್ಳುತ್ತೇನೆ. ಗನ್ನಿನಲ್ಲಿ ಬಿಚ್ಚಬೇಕು, ಬಿಗಿಯುವುದು ಕೈಯಲ್ಲಿ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ ಬೇಕಾದ ಬಿಗಿ 85ರಿಂದ 110 ನ್ಯೂಟನ್ ಮೀಟರ್. ಒಂದಡಿ ಉದ್ದದ ಸ್ಪ್ಯಾನರಿನ ತುದಿಯಲ್ಲಿ ಸುಮಾರು ಮೂವತ್ತು ಕೆಜಿ ಭಾರ ಹಾಕಿದರೆ ಅಷ್ಟು ಬಂದುಬಿಡುತ್ತದೆ. ಗನ್ನನ್ನು ಹಿಡಿದೇ ಇದ್ದರೆ ಅದಕ್ಕೆ ಎಷ್ಟೋ ಪಾಲು ಮೀರುತ್ತದೆ, ಬೋಲ್ಟಿನ ಮರೆಯೂ (ಸುರುಳಿ ಗೀರು) ಸವೆಯುತ್ತದೆ. ಗ್ರಾಹಕರು ನಿಂತು “ಕೊನೆಯ ಬಿಗಿ ಕೈಯಲ್ಲೇ ಹಾಕಿ” ಎಂದು ಕೇಳಬೇಕು. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಕೆಲವು ಅಲಾಯ್ ಚಕ್ರಗಳಿಗೆ ಕಳ್ಳರ ಭಯದಿಂದ ಬೀಗದ ನಟ್ಟು ಹಾಕಿರುತ್ತಾರೆ, ಅದರ ಕೀಲಿ ತುಂಡು ಮನೆಯ ಕಪಾಟಿನಲ್ಲಿ ಉಳಿದರೆ ದಾರಿಯಲ್ಲಿ ನಾನೂ ಏನೂ ಮಾಡಲಾರೆ.

ಟ್ಯೂಬ್‌ಲೆಸ್ ಟೈರಿನಲ್ಲಿ ಮೊಳೆ ಕಂಡರೆ ಕೀಳಬೇಡಿ. ಎಷ್ಟೋ ಸಲ ಆ ಮೊಳೆಯೇ ತೂತಿಗೆ ಬಿರಡೆಯಾಗಿರುತ್ತದೆ. ಗಾಳಿ ತುಂಬಿಸಿಕೊಂಡು ನಿಧಾನವಾಗಿ ಅಂಗಡಿಯವರೆಗೆ ಬರಬಹುದು. ನಾವು ಸೋಪಿನ ನೀರು ಸವರಿ ಗುಳ್ಳೆ ಏಳುವ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಮೊಳೆ ಯಾವ ಕೋನದಲ್ಲಿ ಹೋಗಿದೆಯೋ ಅದೇ ಕೋನದಲ್ಲಿ ಅರದಂತಹ ಸೂಜಿಯನ್ನು ಆಡಿಸಿ, ಅಂಟಿನ ರಬ್ಬರ್ ಹಗ್ಗವನ್ನು ನಡುವಿಗೆ ಪೋಣಿಸಿ ಒಳಕ್ಕೆ ತಳ್ಳಿ, ಒಮ್ಮೆಲೇ ಎಳೆಯುತ್ತೇವೆ. ಎರಡು ಬಾಲಗಳು ಹೊರಗುಳಿದರೆ ಹಗ್ಗ ಕಚ್ಚಿಕೊಂಡಿತೆಂದು ಅರ್ಥ. ಐದು ನಿಮಿಷದ ಕೆಲಸ. ಹಗ್ಗ ನೆಲಕ್ಕೆ ತಾಗುವ ಭಾಗಕ್ಕೆ ಮಾತ್ರ. ಟೈರಿನ ಪಕ್ಕೆಗೆ ತೂತಾದರೆ ಯಾರೇ ಹಾಕಿಕೊಡುತ್ತೇನೆ ಎಂದರೂ ಹಾಕಿಸಬೇಡಿ, ಓಡುವಾಗ ಆ ಭಾಗ ಪ್ರತಿ ಸುತ್ತಿಗೂ ಬಾಗಿ ಏಳುತ್ತಿರುತ್ತದೆ. ಇನ್ನು ಗಾಳಿಯಿಲ್ಲದೆ ಬಹುದೂರ ಓಡಿದ ಟೈರನ್ನು ಬಿಚ್ಚಿದರೆ ಒಳಗೆ ಕಾಡಿಗೆಯಂತೆ ಕರಿ ಪುಡಿ ಉದುರುತ್ತದೆ. ಅದು ಪಕ್ಕೆಯ ರಬ್ಬರೇ ಸವೆದು ಆದ ಪುಡಿ. ಅಂಥ ಟೈರಿಗೆ ಪ್ಯಾಚು ಹಾಕಿಕೊಟ್ಟು ಹಣ ಪಡೆದರೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ.

ಎಲ್ಲರಿಗೂ ಒಂದು ವಿನಂತಿ: ಸ್ಟೆಪ್ನಿಗೂ ಗಾಳಿ ಹಿಡಿಸಿ. ನೂರು ಕಾರುಗಳವರಲ್ಲಿ ಅದನ್ನು ನೆನಪಿನಿಂದ ಕೇಳುವವರು ನಾಲ್ಕೈದು ಮಂದಿ. ಟೈರಿನ ಪಕ್ಕೆಯಲ್ಲಿ ಗೂಡಿನೊಳಗೆ ನಾಲ್ಕು ಅಂಕಿಗಳಿರುತ್ತವೆ, 2219 ಎಂದಿದ್ದರೆ 2019ರ 22ನೇ ವಾರದಲ್ಲಿ ತಯಾರಾದದ್ದು. ಓಡದೆ ಡಿಕ್ಕಿಯಲ್ಲಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಸ್ಟೆಪ್ನಿ ಎಂಬ ಹೆಸರು ನಮ್ಮ ಮಾತಿಗೆ ಬಂದದ್ದು ವೇಲ್ಸ್ ದೇಶದ ಲನೆತ್ಲಿ ಊರಿನ ಸ್ಟೆಪ್ನಿ ಬೀದಿಯಿಂದ. ಕಾರುಗಳಿಗೆ ಹೆಚ್ಚುವರಿ ಚಕ್ರವೇ ಇರದಿದ್ದ ಕಾಲದಲ್ಲಿ, 1904ರಲ್ಲಿ, ಅಲ್ಲಿನ ಡೇವಿಸ್ ಸೋದರರು ಅದನ್ನು ಮಾರಲು ತೊಡಗಿದರು. ಆ ನೆಲದಲ್ಲಿ ಈಗ ಸ್ಪೇರ್ ವೀಲ್ ಎನ್ನುತ್ತಾರೆ, ಹಳೆಯ ಹೆಸರು ನಮ್ಮ ಡ್ರೈವರುಗಳ ಬಾಯಲ್ಲಿ ಉಳಿದುಕೊಂಡಿದೆ. ಅದನ್ನು ತಿಳಿದ ದಿನ ನನಗೆ ನನ್ನ ಕಸುಬಿನ ಮೇಲೆ ಅಭಿಮಾನ ಹೆಚ್ಚಿತು.

ತುಂಗೆಯ ಮಡಿಲು (ತೀರ್ಥಹಳ್ಳಿ)

ನಾವು ಕೊಂಡ ಹೊಸ ಕಾರಿನಲ್ಲಿ ಸ್ಟೆಪ್ನಿಯೇ ಇಲ್ಲ. ಬದಲಿಗೆ ಒಂದು ಸಣ್ಣ ಕಂಪ್ರೆಸರ್ ಮತ್ತು ಬಾಟಲಿಯಲ್ಲಿ ದ್ರವ ಕೊಟ್ಟಿದ್ದಾರೆ. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ವಾರಕ್ಕೊಮ್ಮೆ ಇಳಿದು ಹತ್ತುವವರಿಗೆ ಇದು ಸಾಕೇ? ಹೀಗೆ ಮಾರಲು ಅನುಮತಿಯಾದರೂ ಇದೆಯೇ?

ಗಾಳಿ ಅಂಗಡಿ (ತಿಪಟೂರು)

ಅನುಮತಿ ಇದೆ ಅಕ್ಕ. 2020ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಆದ ತಿದ್ದುಪಡಿಯಂತೆ, ಮೂರೂವರೆ ಟನ್ನಿನವರೆಗಿನ ಗಾಡಿಗೆ ಟ್ಯೂಬ್‌ಲೆಸ್ ಟೈರು, ರಿಪೇರಿ ಕಿಟ್ ಮತ್ತು ಗಾಳಿಯ ಒತ್ತಡ ಇಳಿದರೆ ಎಚ್ಚರಿಸುವ ವ್ಯವಸ್ಥೆ ಇದ್ದರೆ ಸ್ಟೆಪ್ನಿ ಇರಲೇಬೇಕೆಂದಿಲ್ಲ. ಆ ದ್ರವ ಸಣ್ಣ ಮೊಳೆಯ ತೂತನ್ನು ಮುಚ್ಚುತ್ತದೆ, ಆದರೆ ಘಾಟಿಯ ಹೊಂಡದ ಅಂಚಿಗೆ ಬಡಿದು ಪಕ್ಕೆ ಹರಿದರೆ ಏನೂ ಮಾಡಲಾರದು. ಬಾಟಲಿಗೆ ಅವಧಿಯೂ ಇದೆ, ದಿನಾಂಕ ನೋಡಿಕೊಳ್ಳಿ. ಮಲೆನಾಡಿನಲ್ಲಿ ಓಡಾಡುವವರು ಡಿಕ್ಕಿಯ ಜಾಗ ಹೋದರೂ ಸರಿ, ಅದೇ ಅಳತೆಯ ಚಕ್ರ ಮತ್ತು ಆ ಕಾರಿಗೆ ಒಪ್ಪುವ ಜಾಕ್ ಇಟ್ಟುಕೊಳ್ಳುವುದು ಲೇಸು. ದ್ರವ ಬಳಸಿದ್ದರೆ ಅಂಗಡಿಯವರಿಗೆ ಮೊದಲೇ ತಿಳಿಸಿ, ಒಳಗೆಲ್ಲ ತೊಳೆಯಬೇಕಾಗುತ್ತದೆ.

ಚಾರ್ಮಾಡಿ ಮಂಜು (ಕೊಟ್ಟಿಗೆಹಾರ)

ಘಾಟಿಯಲ್ಲಿ ಟೈರಿನಷ್ಟೇ ಕಾಡುವುದು ಎಂಜಿನ್ ಕಾಯುವುದು. ಏರಿನಲ್ಲಿ ಸೂಜಿ ಕೆಂಪಿನತ್ತ ಹೋದರೆ ಎಸಿ ನಿಲ್ಲಿಸಿ, ಹೀಟರ್ ಪೂರ್ತಿ ತಿರುಗಿಸಿ, ಜಾಗ ಸಿಕ್ಕ ಕೂಡಲೇ ನಿಲ್ಲಿಸಿ ಅರ್ಧ ಗಂಟೆಗೂ ಹೆಚ್ಚು ಆರಲು ಬಿಡಿ. ರೇಡಿಯೇಟರಿನ ಮುಚ್ಚಳವನ್ನು ಬಿಸಿಯಲ್ಲಿ ತೆರೆಯಬೇಡಿ, ಒತ್ತಡದಲ್ಲಿರುವ ಕುದಿನೀರು ಮುಖಕ್ಕೇ ಹಾರುತ್ತದೆ. ನಮ್ಮ ಪಕ್ಕದ ಮನೆಯ ಹುಡುಗನ ಕುತ್ತಿಗೆಯ ಗುರುತು ಇನ್ನೂ ಮಾಸಿಲ್ಲ.

ಘಟಪ್ರಭೆ (ಗೋಕಾಕ)

ಹೇಮಾವತಿ ದಂಡೆಯವರ ಬರಹದಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಆ ಹುಡುಗ ಹಿಂದೆ ನಡೆದು ಕಲ್ಲು ತೆಗೆದು ಬಂದ ಸಾಲು. ಲಾರಿ ರಿಪೇರಿಯಾಗಿ ಹೋದ ಮೇಲೂ ರಸ್ತೆಯ ಮೇಲೆ ಸಾಲಾಗಿ ಉಳಿದ ತಲೆಗಾತ್ರದ ಕಲ್ಲುಗಳನ್ನು ನಾನು ಎಷ್ಟು ಕಡೆ ನೋಡಿದ್ದೇನೆ! ಹಗಲಿನಲ್ಲಿ ತಪ್ಪಿಸಬಹುದು. ರಾತ್ರಿ ಬೈಕಿನವನಿಗೆ ಆ ಕಲ್ಲು ಕೆಟ್ಟು ನಿಂತ ಲಾರಿಯಷ್ಟೇ ಕೇಡು. ಎಚ್ಚರಿಕೆಗೆ ಸೊಪ್ಪು ಸಾಕು, ಗಾಡಿ ಹರಿದರೂ ಯಾರಿಗೂ ಪೆಟ್ಟಾಗದು. ಚಕ್ರಕ್ಕೆ ಕೊಟ್ಟ ಕಲ್ಲನ್ನಂತೂ ಎತ್ತಿ ಬದಿಗೆ ಹಾಕದೆ ಹೊರಡಲೇಬಾರದು.

ನೆರವಿಗೆ ನಿಲ್ಲಲು ಪೊಲೀಸ್, ಕೋರ್ಟು ಎಂದು ಹೆದರುವವರಿಗೂ ಒಂದು ಮಾತು. ಅಪಘಾತವಾದವರಿಗೆ ಸದುದ್ದೇಶದಿಂದ ನೆರವಾದವರನ್ನು ಹೊಣೆಗಾರರನ್ನಾಗಿ ಮಾಡಬಾರದೆಂದು 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿದೆ. ಹೆಸರು, ವಿಳಾಸ ಕೊಡಲೇಬೇಕೆಂಬ ಒತ್ತಾಯವೂ ಇಲ್ಲ.

ಹೇಮಾವತಿ ದಂಡೆ (ಸಕಲೇಶಪುರ)

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಉತ್ತರಗಳನ್ನೆಲ್ಲ ಮನೆಯಲ್ಲಿ ಜೋರಾಗಿ ಓದಿದೆ. ಮಳೆಯಲ್ಲಿ ನೆನೆಯುತ್ತಿದ್ದರೂ ಚಿಂತೆಯಿರಲಿಲ್ಲ, ಇಳಿಸಬೇಕಿತ್ತು ಎಂದು ಅಮ್ಮನೂ ಹೇಳಿದರು.

ಭಾನುವಾರ ಅಂಗಳದಲ್ಲಿ ಡಿಕ್ಕಿ ಖಾಲಿ ಮಾಡಿದೆವು. ಆ ರಾತ್ರಿ ಪಂಕ್ಚರಾದ ಟೈರಿನ ಪಕ್ಕೆ ಹರಿದಿದ್ದರಿಂದ ಅದನ್ನು ಎಸೆದಾಗಿದೆ. ಅಂದಿನಿಂದ ಬಲಗಡೆ ಓಡುತ್ತಿರುವುದು ಕಾರಿನೊಂದಿಗೇ ಬಂದ ಹಳೆಯ ಸ್ಟೆಪ್ನಿ. ಅದರ ಗೂಡಿನೊಳಗೆ 2214 ಎಂದಿದೆ. ಅಂದರೆ ಹತ್ತು ವರ್ಷಕ್ಕೂ ಹಳೆಯ ರಬ್ಬರಿನ ಮೇಲೆ ಮನೆಯವರನ್ನೆಲ್ಲ ಕೂರಿಸಿಕೊಂಡು ಇಷ್ಟು ದಿನ ಘಾಟಿ ಹತ್ತಿಳಿದಿದ್ದೇನೆ. ಎರಡು ಹೊಸ ಟೈರಿಗೆ ಹೇಳಿ ಬಂದಿದ್ದೇನೆ, ಕೊನೆಯ ಬಿಗಿ ಕೈಯಲ್ಲೇ ಎಂದೂ ಹೇಳಿದ್ದೇನೆ.

ತ್ರಿಕೋನ ಕಾರು ಕೊಂಡ ದಿನದಿಂದ ಪ್ಲಾಸ್ಟಿಕ್ ಚೀಲದಲ್ಲೇ ಇತ್ತು. ಬಿಡಿಸಲು ಹೋದರೆ ಒಂದು ಕಾಲು ಮುರಿದು ಕೈಗೆ ಬಂತು, ಹೊಸದು ತಂದಾಯಿತು. ಹಲಗೆಗೆ ಹಳೆಯ ಮಣೆಯನ್ನೇ ಕತ್ತರಿಸಿದ್ದೇನೆ. ಪೈಪನ್ನು ವೆಲ್ಡಿಂಗ್ ಅಂಗಡಿಯಲ್ಲಿ ಎರಡಡಿಗೆ ಕೊಯ್ಯಿಸಿ, ಸ್ಪ್ಯಾನರಿಗೆ ತೊಡಿಸಿ ಮಗಳ ಕೈಗೆ ಕೊಟ್ಟೆ. ಮುಂದಿನ ಎರಡೂ ಚಕ್ರ ಮತ್ತು ಎಡಗಡೆಯ ಹಿಂದಿನ ಚಕ್ರದ ನಟ್ಟುಗಳನ್ನು ಅವಳೊಬ್ಬಳೇ ಸಡಿಲಿಸಿ, ಮತ್ತೆ ಬಿಗಿದಳು. ಎಡಗಡೆಯ ಹಿಂದಿನದರಲ್ಲಿ ಒಂದು ಮಾತ್ರ ಇನ್ನೂ ಕಿರುಗುಟ್ಟುತ್ತದೆ. ಟೈರು ಹಾಕಿಸುವ ದಿನ ಅದರ ಬೋಲ್ಟನ್ನೂ ತೋರಿಸುತ್ತೇನೆ.